ಹೆಚ್ಚಿದಂತೆ ಹೆಚ್ಚುವುದೆಲ್ಲ ನೇರ ಅನುಪಾತವೇ?

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿದಾಗ, ಗಣಿತದ ಉಪಾಧ್ಯಾಯಿನಿಯಾದ ನನ್ನಿಂದ ಹಳೆಯ ನೆನಪುಗಳನ್ನೋ ನಾಲ್ಕು ಹಿತವಚನಗಳನ್ನೋ ಅವರು ನಿರೀಕ್ಷಿಸಿದ್ದಿರಬಹುದು. ನಾನಾದರೋ ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು, ಅದರಿಂದ ಹುಟ್ಟಿದ ಒಂದು ಅಭಿಪ್ರಾಯವನ್ನು ವಾಚಕಿಯರ ಮುಂದೆ ಅರಿಕೆ ಮಾಡಬೇಕೆಂದಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೊಂದು ಊರಿನ ಶಾಲೆಯಲ್ಲಿದ್ದಾಗ ನಡೆದ ಸಂಗತಿ ಇದು. 40 ಮಂದಿ ಬಾಲಿಕೆಯರನ್ನು ಒಂದು ದಿನದ ಪ್ರವಾಸಕ್ಕೆ ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಬಸ್ಸಿನ ಬಾಡಿಗೆ 12,000 ರೂಪಾಯಿ. ಊಟ ಉಪಾಹಾರಕ್ಕೆ ತಲೆಗೆ 100 ರೂಪಾಯಿ. ಒಟ್ಟು 16,000 ಆಗುವುದರಿಂದ ಒಬ್ಬೊಬ್ಬಳು 400 ರೂಪಾಯಿ ತರತಕ್ಕದ್ದೆಂದು ಗೊತ್ತುಮಾಡಿದೆವು. ಹೊರಡುವುದಕ್ಕೆ ನಾಲ್ಕು ದಿನ ಮುಂಚೆ ಊರಿನಲ್ಲಿ ಜ್ವರ ಹಬ್ಬಿದ್ದರಿಂದ 20 ಮಂದಿ ಹಿಂಜರಿದರು. ‘ಹೊರಡುವವರು ಅರ್ಧವಾದರು, ಆದಕಾರಣ ಖರ್ಚೂ ಅರ್ಧವಾಯಿತು, 8,000 ಸಾಕು’ ಎಂದು ನಾನು ಅವಸರದಲ್ಲಿ ಹಲಗೆಯ ಮೇಲೆ ಬರೆದೆನು. ಆಗ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದುನಿಂತು, ‘ಟೀಚರ್, ನಾವು ಅರ್ಧವಾದರೆ ಬಸ್ಸೂ ಅರ್ಧವಾಗುತ್ತದೆಯೇ?’ ಎಂದು ಕೇಳಿದಳು. ತರಗತಿಯೆಲ್ಲವೂ ನಕ್ಕಿತು. ನಾನೂ ನಕ್ಕು ಅವಳನ್ನು ಕುಳ್ಳಿರಿಸಿದೆನು. ಬಸ್ಸಿನವರು ಬಾಡಿಗೆ ಕೇಳಿದಾಗಲೇ ನನ್ನ ಕಣ್ಣು ತೆರೆದದ್ದು. ಬೇಕಾದದ್ದು 8,000 ಅಲ್ಲ, 14,000; ತಲೆಗೆ 400 ಅಲ್ಲ, 700. ಇನ್ನೂ 300 ರೂಪಾಯಿಯನ್ನು ಮನೆಯಲ್ಲಿ ಕೇಳಲಾರದ ಮಕ್ಕಳು ಹಲವರಿದ್ದರು. ಪ್ರವಾಸ ನಿಂತುಹೋಯಿತು.

ಆ ಪ್ರಶ್ನೆಯನ್ನು ಕೇಳಿದವಳು ಲೆಕ್ಕದ ಪರೀಕ್ಷೆಯಲ್ಲಿ ಎಂದೂ ಮುಂದಾದವಳಲ್ಲ. ಆದರೆ ಸೂತ್ರವನ್ನು ಬಾಯಿಪಾಠ ಮಾಡಿದ್ದ ನನಗೆ ಕಾಣದಿದ್ದುದು ಅವಳಿಗೆ ಕಂಡಿತು. ಏತಕ್ಕೆಂದರೆ, ಅವಳು ಅಂಕಿಗಳನ್ನು ನೋಡುವ ಮೊದಲು ಸಂಗತಿಯನ್ನು ಮಾತಿನಲ್ಲಿ ಹೇಳಿಕೊಂಡಿದ್ದಳು. ಎರಡು ರಾಶಿಗಳ ನಡುವಣ ಸಂಬಂಧವನ್ನು ಸ್ವಂತ ಭಾಷೆಯಲ್ಲಿ, ಪೂರ್ಣ ವಾಕ್ಯದಲ್ಲಿ, ಸರಿಯಾಗಿ ಹೇಳಬಲ್ಲವಳಿಗೇ ಆ ಲೆಕ್ಕವು ತಿಳಿದಂತೆ. ಹೇಳಲಾರದವಳು ಉತ್ತರವನ್ನು ಸರಿಯಾಗಿ ತಂದರೂ ಅದು ಅದೃಷ್ಟವೇ ಹೊರತು ಜ್ಞಾನವಲ್ಲ. ಇದೇ ನನ್ನ ಅಭಿಪ್ರಾಯ.

ನಮ್ಮ ಮಕ್ಕಳು ಸಾಮಾನ್ಯವಾಗಿ ಹೇಳುವುದೇನು? ‘ಇದು ಹೆಚ್ಚಿದಂತೆ ಅದೂ ಹೆಚ್ಚುತ್ತದೆ, ಆದುದರಿಂದ ಇವೆರಡೂ ನೇರ ಅನುಪಾತದಲ್ಲಿವೆ’ ಎಂದು. ಈ ಒಂದು ವಾಕ್ಯದಲ್ಲಿಯೇ ಎಡವಟ್ಟೆಲ್ಲ ಅಡಗಿದೆ. ಮಗುವಿನ ವಯಸ್ಸು ಹೆಚ್ಚಿದಂತೆ ಎತ್ತರವೂ ಹೆಚ್ಚುತ್ತದೆ. ಹಾಗೆಂದು ಹತ್ತು ವರ್ಷದವಳು ಇಪ್ಪತ್ತು ವರ್ಷಕ್ಕೆ ಎರಡು ಪಟ್ಟು ಎತ್ತರವಾಗುವಳೇ? ಚೌಕದ ಬಾಹು ಹೆಚ್ಚಿದಂತೆ ಅದರ ಕ್ಷೇತ್ರಫಲವೂ ಹೆಚ್ಚುತ್ತದೆ. ಆದರೆ ಬಾಹು ಎರಡು ಪಟ್ಟಾದರೆ ಕ್ಷೇತ್ರಫಲವು ನಾಲ್ಕು ಪಟ್ಟಾಗುತ್ತದೆ. ಹೆಚ್ಚುವುದು ಬೇರೆ, ಸಮಸಮನಾಗಿ ಹೆಚ್ಚುವುದು ಬೇರೆ, ಪಟ್ಟಿಗೆ ಪಟ್ಟಾಗಿ ಹೆಚ್ಚುವುದು ಬೇರೆ. ಈ ಮೂರನ್ನೂ ಒಂದೇ ಮಾತಿನಿಂದ ಹೇಳುವವಳು ಮೂರನ್ನೂ ಒಂದೇ ರೀತಿಯಿಂದ ಮಾಡಿಬಿಡುತ್ತಾಳೆ.

ಇವುಗಳನ್ನು ಬೇರೆ ಬೇರೆಯಾಗಿ ಹೇಳುವ ಶಕ್ತಿ ನಮ್ಮ ಕನ್ನಡಕ್ಕೆ ಇಲ್ಲವೆಂದು ಯಾರೂ ತಿಳಿಯಬಾರದು. ನಮ್ಮ ಚತುರ್ಥೀ ವಿಭಕ್ತಿಯೊಂದೇ ಎಷ್ಟು ಕೆಲಸ ಮಾಡುತ್ತದೆಂಬುದನ್ನು ನೋಡಿರಿ. ‘ಒಂದು ಪಾವು ಅಕ್ಕಿಗೆ ಎರಡು ಪಾವು ನೀರು’ ಎಂದು ಅಜ್ಜಿಯು ಹೇಳಿದಾಗ ಆ ‘ಗೆ’ ಎಂಬ ಒಂದೇ ಅಕ್ಷರದಲ್ಲಿ ಇಡೀ ಅನುಪಾತವು ಕುಳಿತಿರುತ್ತದೆ. ‘ಒಂದೊಂದಕ್ಕೆ ಎರಡೆರಡು’ ಎಂಬ ದ್ವಿರುಕ್ತಿಯು ಸಮಸಮನಾದ ಹೆಜ್ಜೆಗಳನ್ನು ತೋರಿಸುತ್ತದೆ. ‘ಎಷ್ಟು ಪಟ್ಟೋ ಅಷ್ಟು ಪಟ್ಟು’ ಎಂಬುದು ನೇರ ಅನುಪಾತದ ಲಕ್ಷಣವನ್ನೇ ಹೇಳುತ್ತದೆ. ಹೂವು ಮಾರುವವಳು ‘ಮೊಳಕ್ಕೆ ಇಪ್ಪತ್ತು’ ಎಂದು ಕೂಗುವಾಗ ಯಾವ ಪಾಠಪುಸ್ತಕಕ್ಕೂ ಕಡಮೆಯಿಲ್ಲದ ಸ್ಪಷ್ಟತೆಯಿಂದಲೇ ಕೂಗುತ್ತಾಳೆ.

ಪೂರ್ವಿಕರೂ ಈ ವಿಷಯವನ್ನು ಮಾತಿನಲ್ಲಿಯೇ ಕಲಿಸಿದರು. 499ರಲ್ಲಿ ರಚಿತವಾದ ಆರ್ಯಭಟನ ಗ್ರಂಥದಲ್ಲಿ ತ್ರೈರಾಶಿಕದ ನಿಯಮವಿದೆ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಇದನ್ನು ವಿಸ್ತಾರವಾಗಿ ಹೇಳಿದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಅದೇ ಶತಮಾನದಲ್ಲಿ, 1150ರಲ್ಲಿ, ಭಾಸ್ಕರಾಚಾರ್ಯನು ಲೀಲಾವತಿಯನ್ನು ರಚಿಸಿ, ಅದರ ಪ್ರಶ್ನೆಗಳಲ್ಲಿ ಹಲವನ್ನು ಒಬ್ಬ ಬಾಲೆಯನ್ನು ಸಂಬೋಧಿಸಿಯೇ ಕೇಳಿದನು. ಹೆಣ್ಣುಮಕ್ಕಳ ಶಾಲೆಯಲ್ಲಿ ಇದನ್ನು ನೆನೆಯುವುದು ಉಚಿತವಲ್ಲವೇ?

ತ್ರೈರಾಶಿಕವೆಂದರೆ ಮೂರು ತಿಳಿದ ರಾಶಿಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವುದು. 5 ಮೊಳ ಮಲ್ಲಿಗೆಗೆ 100 ರೂಪಾಯಿಯಾದರೆ 8 ಮೊಳಕ್ಕೆ ಎಷ್ಟು? ಇಲ್ಲಿ 5 ಮೊಳವು ಪ್ರಮಾಣ, 100 ರೂಪಾಯಿ ಫಲ, 8 ಮೊಳವು ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಇಚ್ಛಾಫಲವಾದ 160 ರೂಪಾಯಿ ಬರುತ್ತದೆ. ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕು, ಫಲವು ಬೇರೆ ಜಾತಿಯದು ಎಂದು ಅವರು ವಿಧಿಸಿದ್ದರು. ಇದರಿಂದಾಗಿ ಶಿಷ್ಯನು ಗುಣಿಸುವ ಮೊದಲು ‘ಇದು ಯಾವುದರ ಅಳತೆ? ಇದು ಯಾವುದಕ್ಕೆ ಫಲ?’ ಎಂದು ತನ್ನನ್ನೇ ಕೇಳಿಕೊಳ್ಳಬೇಕಾಗುತ್ತಿತ್ತು. ಒಂದು ಹೆಚ್ಚಿದಂತೆ ಮತ್ತೊಂದು ಅದೇ ಪ್ರಮಾಣದಲ್ಲಿ ಇಳಿಯುವ ಲೆಕ್ಕಗಳಿಗೆ ವ್ಯಸ್ತ ತ್ರೈರಾಶಿಕವೆಂಬ ಬೇರೆ ಹೆಸರನ್ನೇ ಇಟ್ಟಿದ್ದರು. ಈಗ ನಮ್ಮ ಮಕ್ಕಳು ಮೂರು ಅಂಕಿ ಕಂಡೊಡನೆ ಅಡ್ಡಗುಣಾಕಾರಕ್ಕೆ ಕೈಹಾಕುತ್ತಾರೆ. ಅಂಕಿಗಳ ಜಾತಿಯನ್ನು ಕೇಳುವವರಿಲ್ಲ.

ಇನ್ನು ನನ್ನ ಬಸ್ಸಿಗೆ ಹಿಂದಿರುಗೋಣ. ಅಲ್ಲಿಯ ಖರ್ಚನ್ನು ಸರಿಯಾಗಿ ಹೇಳುವ ವಾಕ್ಯವು ಇದು: ‘ಯಾರೂ ಬಾರದಿದ್ದರೂ 12,000, ಅದರ ಮೇಲೆ ಒಬ್ಬೊಬ್ಬಳಿಗೆ ನೂರು ನೂರು.’ ಪ್ರತಿ ಹೆಜ್ಜೆಗೂ ಏರಿಕೆ ಸಮಾನವಾಗಿರುವುದರಿಂದ ಇದನ್ನು ಗ್ರಾಫ್ ಕಾಗದದ ಮೇಲೆ ಬರೆದರೆ ಸರಳರೇಖೆಯೇ ಬರುತ್ತದೆ. ಆದರೆ ಆ ರೇಖೆಯು ಸೊನ್ನೆಯ ಮೂಲೆಯಿಂದ ಹೊರಡುವುದಿಲ್ಲ, 12,000ದ ಎತ್ತರದಿಂದ ಹೊರಡುತ್ತದೆ. ಮಲ್ಲಿಗೆಯ ಬೆಲೆಯ ರೇಖೆಯಾದರೋ ಸೊನ್ನೆಯಿಂದಲೇ ಹೊರಡುತ್ತದೆ, ಹೂವಿಲ್ಲದಿದ್ದರೆ ಹಣವಿಲ್ಲ. ನೇರ ಅನುಪಾತವೆಲ್ಲವೂ ಸರಳರೇಖಾ ಸಂಬಂಧವೇ. ಆದರೆ ಸರಳರೇಖಾ ಸಂಬಂಧವೆಲ್ಲವೂ ನೇರ ಅನುಪಾತವಲ್ಲ. ಈ ಒಂದು ಭೇದವನ್ನು ತಿಳಿದಿದ್ದರೆ ಅಂದಿನ ಪ್ರವಾಸ ನಿಲ್ಲುತ್ತಿರಲಿಲ್ಲ. ಹಿಂಜರಿದವರ ಜಾಗಕ್ಕೆ ಒಂಬತ್ತನೆಯ ತರಗತಿಯವರನ್ನು ಕರೆಯುವ ಉಪಾಯವಾದರೂ ನನಗೆ ಮೊದಲೇ ಹೊಳೆಯುತ್ತಿತ್ತು.

ಮನೆಯ ಜ್ವರಮಾಪಕವೂ ಇದೇ ಪಾಠವನ್ನು ಹೇಳುತ್ತದೆ. ಸೆಲ್ಸಿಯಸ್ಸಿನ 5 ಡಿಗ್ರಿಗೆ ಫ್ಯಾರನ್‌ಹೀಟಿನ 9 ಡಿಗ್ರಿ. ಆದರೆ ಸೆಲ್ಸಿಯಸ್ಸಿನ ಸೊನ್ನೆಯಲ್ಲಿ ಫ್ಯಾರನ್‌ಹೀಟು 32ನ್ನು ತೋರಿಸುತ್ತದೆ. ‘ಬೆಳಿಗ್ಗೆ 20 ಡಿಗ್ರಿ ಇದ್ದ ಬಿಸಿ ಮಧ್ಯಾಹ್ನಕ್ಕೆ 40 ಡಿಗ್ರಿಯಾಯಿತು, ಎರಡು ಪಟ್ಟಾಯಿತು’ ಎಂದು ಸೆಲ್ಸಿಯಸ್ಸನ್ನು ನೋಡಿದವಳು ಹೇಳಿದಳೆನ್ನಿ. ಅದೇ ಬಿಸಿಯನ್ನು ಫ್ಯಾರನ್‌ಹೀಟಿನಲ್ಲಿ ನೋಡಿದವಳಿಗೆ ಅದು 68ರಿಂದ 104ಕ್ಕೆ ಏರಿರುತ್ತದೆ; ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ಅಷ್ಟೇ. ಬಿಸಿಲು ಒಂದೇ, ಅಂಗಳ ಒಂದೇ. ಹಾಗಾದರೆ ಯಾರ ಮಾತು ನಿಜ? ಇಬ್ಬರದೂ ಅಲ್ಲ. ಸೊನ್ನೆಯೆಂಬುದು ‘ಏನೂ ಇಲ್ಲ’ ಎಂಬ ಅರ್ಥವನ್ನು ಕೊಡದ ಅಳತೆಯಲ್ಲಿ ‘ಪಟ್ಟು’ ಎಂಬ ಮಾತನ್ನು ಆಡಲೇಬಾರದು. ‘ಇಷ್ಟು ಡಿಗ್ರಿ ಏರಿತು’ ಎಂದು ಹೇಳಿದರೆ ಸಾಕು; ಏರಿಕೆಗೂ ಏರಿಕೆಗೂ ಮಾತ್ರ ಅಲ್ಲಿ ಅನುಪಾತವುಂಟು.

ಒಂದು ಪದದ ವ್ಯತ್ಯಾಸದಿಂದ ಸಂಬಂಧವೇ ಹೇಗೆ ಬೇರೆಯಾಗುತ್ತದೆಂಬುದಕ್ಕೆ ಸ್ಪ್ರಿಂಗ್ ತಕ್ಕಡಿಯು ಒಳ್ಳೆಯ ನಿದರ್ಶನ. ಬರಿದಾಗಿ ತೂಗುಹಾಕಿದಾಗ 10 ಸೆಂಟಿಮೀಟರು ಉದ್ದವಿರುವ ಸ್ಪ್ರಿಂಗಿಗೆ 1 ಕಿಲೋ ಕಟ್ಟಿದರೆ 12, 2 ಕಿಲೋ ಕಟ್ಟಿದರೆ 14 ಸೆಂಟಿಮೀಟರು ಆಗುತ್ತದೆಂದು ಭಾವಿಸಿರಿ. ‘ಉದ್ದವು ತೂಕಕ್ಕೆ ನೇರ ಅನುಪಾತದಲ್ಲಿದೆ’ ಎಂದರೆ ಸುಳ್ಳು. ‘ಉದ್ದದಲ್ಲಾದ ಹೆಚ್ಚಳವು ತೂಕಕ್ಕೆ ನೇರ ಅನುಪಾತದಲ್ಲಿದೆ’ ಎಂದರೆ ನಿಜ. ಈ ನಿಯಮವನ್ನು ಕಂಡುಹಿಡಿದ ರಾಬರ್ಟ್ ಹುಕ್ ಎಂಬ ಆಂಗ್ಲ ವಿಜ್ಞಾನಿಯು 1676ರಲ್ಲಿ ಅದನ್ನು ಅಕ್ಷರಗಳನ್ನು ಕಲಸಿದ ಒಗಟಾಗಿ ಪ್ರಕಟಿಸಿ, 1678ರಲ್ಲಿ ಅದರ ಅರ್ಥವನ್ನು ಬಿಡಿಸಿಟ್ಟನು. ಬಿಡಿಸಿದಾಗ ಕಂಡುಬಂದದ್ದು ಸಮೀಕರಣವಲ್ಲ. ಹಿಗ್ಗಿದಷ್ಟಕ್ಕೆ ತಕ್ಕ ಬಲ ಎಂಬ ಅಭಿಪ್ರಾಯದ ನಾಲ್ಕೇ ಲ್ಯಾಟಿನ್ ಪದಗಳು. ಪ್ರಕೃತಿಯ ಒಂದು ನಿಯಮವು ಮೊದಲು ಲೋಕಕ್ಕೆ ಬಂದದ್ದು ಮಾತಿನ ರೂಪದಲ್ಲಿಯೇ.

ಇದೆಲ್ಲ ಶಾಲೆಯ ಗೋಡೆಯೊಳಗಿನ ಸೂಕ್ಷ್ಮ ವಿಚಾರವೆಂದು ಕೆಲವರು ಹೇಳಬಹುದು. ನಮ್ಮಲ್ಲಿ ಕಲಿತ ಎಷ್ಟೋ ಮಂದಿ ಇಂದು ದಾದಿಯರಾಗಿದ್ದಾರೆ. ಅದಕ್ಕಿಂತ ಹೆಚ್ಚು ಮಂದಿ ತಾಯಂದಿರಾಗಿದ್ದಾರೆ. ಆದುದರಿಂದ ರೋಗಿಯ ಹಾಸಿಗೆಯ ಬಳಿಗೆ ಬರೋಣ. ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಔಷಧವನ್ನು ಮಗುವಿನ ತೂಕಕ್ಕೆ ಅನುಸಾರವಾಗಿ, ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ವೈದ್ಯರು ಲೆಕ್ಕಹಾಕುತ್ತಾರೆ. 10 ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ ಎಂದು ವೈದ್ಯರು ಹೇಳಿದರೆನ್ನಿ. ಅಂಗಡಿಯಲ್ಲಿ ಸಿಕ್ಕುವ ಸಿರಪ್ಪುಗಳಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವುದೂ ಉಂಟು, 250 ಮಿಲಿಗ್ರಾಂ ಇರುವುದೂ ಉಂಟು. ಮೊದಲನೆಯದರಲ್ಲಿ ಕೊಡಬೇಕಾದದ್ದು 6 ಮಿಲಿಲೀಟರು. ಎರಡನೆಯದರಲ್ಲಿ 3 ಮಾತ್ರ. ‘ನಮ್ಮ ಮಗುವಿಗೆ 6’ ಎಂದಷ್ಟೇ ನೆನಪಿಟ್ಟುಕೊಂಡ ತಾಯಿಯು ಮುಂದಿನ ಸಲ ಬೇರೆ ಸೀಸೆ ಬಂದಾಗ ಎರಡು ಪಟ್ಟು ಔಷಧವನ್ನು ಕುಡಿಸಿಬಿಡುತ್ತಾಳೆ. ಅಲ್ಲಿ ತಪ್ಪಿದ್ದು ಗುಣಾಕಾರವಲ್ಲ. ‘ಎಷ್ಟರಲ್ಲಿ ಎಷ್ಟು’ ಎಂಬ ಮಾತು. ಔಷಧದ ಶಕ್ತಿ ಎರಡು ಪಟ್ಟಾದರೆ ಕೊಡುವ ಅಳತೆ ಅರ್ಧವಾಗಬೇಕೆಂಬ ವ್ಯಸ್ತ ಸಂಬಂಧವನ್ನು ಅವಳಿಗೆ ಯಾರೂ ವಾಕ್ಯವಾಗಿ ಹೇಳಿಸಿರಲಿಲ್ಲ.

ಭೇದಿಯಾದ ಮಗುವಿಗೆ ಕೊಡುವ ಪುನರ್ಜಲೀಕರಣ ದ್ರಾವಣದ ವಿಷಯವೂ ಹೀಗೆಯೇ. ಮನೆಯಲ್ಲಿ ಮಾಡುವುದಾದರೆ 1 ಲೀಟರು ಶುದ್ಧವಾದ ನೀರಿಗೆ 6 ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅರ್ಧ ಲೀಟರಿಗೆ 3 ಚಮಚ ಸಕ್ಕರೆ, ಕಾಲು ಚಮಚ ಉಪ್ಪು. ಪೊಟ್ಟಣವಾದರೆ 1 ಲೀಟರಿನದೂ 200 ಮಿಲಿಲೀಟರಿನದೂ ಎರಡೂ ಮಾರಾಟಕ್ಕಿವೆ. ಲೀಟರಿನ ಪೊಟ್ಟಣವನ್ನು 200 ಮಿಲಿಲೀಟರಿನ ಒಂದು ಲೋಟಕ್ಕೆ ಸುರಿದರೆ ಉಪ್ಪು ಐದು ಪಟ್ಟು ಗಾಢವಾಗುತ್ತದೆ. ಬದುಕಿಸಬೇಕಾದದ್ದೇ ಮಗುವಿಗೆ ಅಪಾಯವಾಗುತ್ತದೆ.

ಈ ದ್ರಾವಣದ ಚರಿತ್ರೆಯಲ್ಲಿ ನಮ್ಮ ವಿಷಯಕ್ಕೆ ಬಹಳ ಹತ್ತಿರವಾದ ಒಂದು ಪ್ರಕರಣವಿದೆ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಬನ್‌ಗಾಂವ್ ಎಂಬಲ್ಲಿಯ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ಆಗ ಡಾಕ್ಟರ್ ದಿಲೀಪ್ ಮಹಾಲನಾಬಿಸ್ ಅವರು ಈ ದ್ರಾವಣವನ್ನು ಬಾಯಿಯ ಮೂಲಕ ಕುಡಿಸಿ ಅಸಂಖ್ಯಾತ ಪ್ರಾಣಗಳನ್ನು ಉಳಿಸಿದರು. ಆದರೆ ಶಿಬಿರದಲ್ಲಿ ವೈದ್ಯರು ಮಾಡಿದ್ದನ್ನು ಹಳ್ಳಿಯ ಗುಡಿಸಲಿನಲ್ಲಿ ಅಕ್ಷರ ಬಾರದ ತಾಯಿಯು ಮಾಡುವುದೆಂತು? 1980ರಿಂದ 1990ರ ವರೆಗೆ ಬಾಂಗ್ಲಾದೇಶದ ಬ್ರ್ಯಾಕ್ ಎಂಬ ಸಂಸ್ಥೆಯ ಕಾರ್ಯಕರ್ತೆಯರು ಒಂದು ಕೋಟಿಗೂ ಮಿಕ್ಕಿದ ಮನೆಗಳಿಗೆ ಹೋಗಿ ಇದನ್ನು ಬಾಯಿಮಾತಿನಿಂದಲೇ ಕಲಿಸಿದರು: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕೆಲವು ದಿನಗಳ ತರುವಾಯ ಬೇರೆಯವರು ಹೋಗಿ ತಾಯಂದಿರಿಗೆ ಅದು ನೆನಪಿದೆಯೇ, ದ್ರಾವಣವು ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತಿದ್ದರು. ತಾಯಂದಿರು ಎಷ್ಟು ಚೆನ್ನಾಗಿ ಕಲಿತರೋ ಅದಕ್ಕೆ ತಕ್ಕಂತೆ ಕಲಿಸಿದವಳ ಸಂಬಳವೂ ಗೊತ್ತಾಗುತ್ತಿತ್ತು. ಅಲ್ಲಿ ಸಮೀಕರಣವಿರಲಿಲ್ಲ, ಹಲಗೆಯಿರಲಿಲ್ಲ. ಇದ್ದದ್ದು ಒಬ್ಬ ಹೆಂಗಸಿನಿಂದ ಇನ್ನೊಬ್ಬ ಹೆಂಗಸಿಗೆ ತಲಪಿದ ಒಂದು ಸರಿಯಾದ ವಾಕ್ಯ. ಅನುಪಾತವನ್ನು ಮಾತಿನಲ್ಲಿ ಹೇಳುವುದು ಕ್ಷುಲ್ಲಕವೆಂದು ಎಣಿಸುವವರಿಗೆ ಇದಕ್ಕಿಂತ ದೊಡ್ಡ ಉತ್ತರವನ್ನು ನಾನು ಅರಿಯೆನು.

ಅನುಪಾತವು ಎಲ್ಲಿಯ ವರೆಗೆ ಸಲ್ಲುತ್ತದೆಂಬುದನ್ನೂ ವಾಕ್ಯದಲ್ಲಿ ಸೇರಿಸಬೇಕು. ಸ್ಪ್ರಿಂಗನ್ನು ಮಿತಿಮೀರಿ ಎಳೆದರೆ ಅದು ಹಿಂದಿನ ಉದ್ದಕ್ಕೆ ಮರಳುವುದೇ ಇಲ್ಲ. ಮಗುವಿನ ಔಷಧದ ಲೆಕ್ಕವನ್ನು ತೂಕದೊಡನೆ ಏರಿಸುತ್ತ ಹೋದರೂ ವಯಸ್ಕರ ಗರಿಷ್ಠ ಪ್ರಮಾಣವನ್ನು ದಾಟುವಂತಿಲ್ಲ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ಆಟೋರಿಕ್ಷಾ ದರದಂತೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಅನಂತರ ಕಿಲೋಮೀಟರಿಗೆ 18 ರೂಪಾಯಿ. 4 ಕಿಲೋಮೀಟರಿಗೆ 72, 6ಕ್ಕೆ 108; ಇದು ನೇರ ಅನುಪಾತವೇ ಸರಿ. ಆದರೆ 1 ಕಿಲೋಮೀಟರು ಹೋಗಿ 18 ರೂಪಾಯಿ ಚಾಚಿದವಳಿಗೆ ಚಾಲಕನು ಒಪ್ಪಲಾರನು. ಎರಡರ ಒಳಗೆ ಆ ನಿಯಮವಿಲ್ಲ. ಒಂದು ಮೊಟ್ಟೆ ಬೇಯಲು ಹತ್ತು ನಿಮಿಷವಾದರೆ ಒಂದೇ ಪಾತ್ರೆಯಲ್ಲಿ ಹತ್ತು ಮೊಟ್ಟೆ ಬೇಯಲು ನೂರು ನಿಮಿಷ ಬೇಡವೆಂಬುದು ಅಡುಗೆಮನೆಗೆ ಕಾಲಿಟ್ಟವರಿಗೆಲ್ಲ ಗೊತ್ತು. ಅಡುಗೆಮನೆಯಲ್ಲಿದ್ದ ಆ ಬುದ್ಧಿಯನ್ನು ನಮ್ಮ ಮಕ್ಕಳು ತರಗತಿಯ ಬಾಗಿಲಲ್ಲಿ ಕಳಚಿಟ್ಟು ಬರುತ್ತಾರೆಂಬುದೇ ನನ್ನ ಚಿಂತೆ.

ನನ್ನ ಅಭಿಪ್ರಾಯಕ್ಕೆ ಆಕ್ಷೇಪಣೆಗಳು ಇಲ್ಲದಿಲ್ಲ. ಒಂದು ಅಕ್ಷರ, ಒಂದು ಸಮಚಿಹ್ನೆ, ಒಂದು ಗುಣಕ ಇವುಗಳಿಂದ ಆಗುವುದನ್ನು ಉದ್ದವಾದ ವಾಕ್ಯದಲ್ಲಿ ಹೇಳುವುದೇಕೆ, ಬೀಜಗಣಿತವು ಹುಟ್ಟಿದ್ದೇ ಮಾತಿನ ಭಾರವನ್ನು ಇಳಿಸುವುದಕ್ಕಲ್ಲವೇ ಎನ್ನುವರು. ನಿಜ, ಚಿಹ್ನೆಯ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಭಾರವನ್ನು ಒಮ್ಮೆ ಹೊತ್ತವಳಿಗೆ ಮಾತ್ರ ಅದನ್ನು ಇಳಿಸಿದ ಸುಖ ತಿಳಿಯುವುದು. ಚಿಹ್ನೆಯು ವಾಕ್ಯದ ಸಂಕ್ಷೇಪ. ವಾಕ್ಯವೇ ಇಲ್ಲದವಳು ಏನನ್ನು ಸಂಕ್ಷೇಪಿಸಿಯಾಳು? ಎರಡನೆಯದಾಗಿ, ಪಾಠಗಳು ಬಹಳ, ಕಾಲ ಸಾಲದು ಎನ್ನುವರು. ಹತ್ತು ಲೆಕ್ಕಗಳಲ್ಲಿ ಎರಡನ್ನು ಬಿಟ್ಟು ಉಳಿದ ಎಂಟನ್ನು ಮಾತಿನಲ್ಲಿ ಹೇಳಿಸಿದರೆ ನಷ್ಟವೇನೂ ಇಲ್ಲವೆಂದು ನನ್ನ ಅನುಭವ. ಮೂರನೆಯದಾಗಿ, ಈಗ ಬಹುಮಂದಿ ಇಂಗ್ಲಿಷಿನಲ್ಲಿ ಗಣಿತವನ್ನು ಓದುವುದರಿಂದ ಕನ್ನಡದ ವಾಕ್ಯವು ಏತಕ್ಕೆಂದು ಕೇಳುವರು. ಯಾವ ಭಾಷೆಯಲ್ಲಿ ಓದಿದರೂ ಮನೆಯಲ್ಲಿ ಆಡುವ ಮಾತಿನಲ್ಲಿ ಅದನ್ನು ಹೇಳಲಾರದವಳು ತನ್ನ ತಾಯಿಗೆ ಔಷಧದ ಅಳತೆಯನ್ನು ಹೇಗೆ ವಿವರಿಸುವಳು? ಓದು ಒಬ್ಬಳಲ್ಲಿಯೇ ನಿಲ್ಲಬಾರದಷ್ಟೆ.

ಆದಕಾರಣ ಉಪಾಧ್ಯಾಯಿನಿಯರಲ್ಲಿಯೂ ತಾಯಂದಿರಲ್ಲಿಯೂ ನನ್ನ ವಿನಂತಿ ಇಷ್ಟೇ. ಲೆಕ್ಕಕ್ಕೆ ಕೈಹಾಕುವ ಮೊದಲು ಮಗುವಿಗೆ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಇದು ಏನೂ ಇಲ್ಲದಿದ್ದರೆ ಅದೂ ಏನೂ ಇಲ್ಲವೇ? ಇದು ಒಂದೊಂದು ಹೆಚ್ಚಿದಾಗ ಅದು ಸಮಸಮನಾಗಿ ಹೆಚ್ಚುವುದೇ? ಇದು ಎರಡು ಪಟ್ಟಾದರೆ ಅದೂ ಎರಡು ಪಟ್ಟಾಗುವುದೇ? ಈ ನಿಯಮ ಎಲ್ಲಿಂದ ಎಲ್ಲಿಯ ವರೆಗೆ? ಉತ್ತರವನ್ನು ಒಂದು ಪೂರ್ಣ ವಾಕ್ಯವಾಗಿ, ಗಟ್ಟಿಯಾಗಿ ಹೇಳಿಸಿರಿ. ಆಮೇಲೆ ಸೀಮೆಸುಣ್ಣವನ್ನು ಕೈಗೆ ಕೊಡಿರಿ. ‘ಎರಡರಷ್ಟು ಹೆಚ್ಚು’ ಎಂಬಂಥ ಇಬ್ಬಗೆಯ ಮಾತನ್ನು ಒಪ್ಪಬೇಡಿರಿ. ‘ಎರಡು ಪಟ್ಟಾಯಿತು’ ಎಂದಾಗಲಿ ‘ಮೂರು ಪಟ್ಟಾಯಿತು’ ಎಂದಾಗಲಿ ಬಿಡಿಸಿ ಹೇಳಿಸಿರಿ.

ವಿದ್ಯಾರ್ಥಿನಿಯರೇ, ನಿಮಗೂ ಒಂದು ಮಾತು. ನಿಮ್ಮ ಉಪಾಧ್ಯಾಯಿನಿಯು ಹಲಗೆಯ ಮೇಲೆ ಬರೆದದ್ದು ನಿಮ್ಮ ಮಾತಿನಲ್ಲಿ ಹೇಳಿಕೊಂಡಾಗ ಸರಿಬಾರದಿದ್ದರೆ ಎದ್ದುನಿಂತು ಕೇಳಿರಿ. ತರಗತಿಯು ನಕ್ಕರೆ ನಗಲಿ. ಬಸ್ಸೂ ಅರ್ಧವಾಗುತ್ತದೆಯೇ ಎಂದು ಕೇಳಿದವಳನ್ನು ನಾನು ಅಂದು ಕುಳ್ಳಿರಿಸಿದೆನು. ಅವಳು ಈಗ ಎಲ್ಲಿದ್ದಾಳೋ ಅರಿಯೆನು. ಈ ಸಂಚಿಕೆಯು ಅವಳ ಕೈಗೆ ಬಿದ್ದರೆ, ಅವಳ ಪ್ರಶ್ನೆಯೇ ಸರಿಯಾಗಿತ್ತೆಂದು ಅವಳ ಟೀಚರು ಅಚ್ಚಿನಲ್ಲಿ ಒಪ್ಪಿಕೊಂಡಿದ್ದಾಳೆಂಬುದು ಅವಳಿಗೆ ತಿಳಿಯಲೆಂದು ಹಾರೈಸಿ ವಿರಮಿಸುತ್ತೇನೆ.